ಬಂಡೆಯ ದಾರಿ ತೋರಿಸಿದವನು

ಅಡುಗೆಮನೆ ಕಟ್ಟೆಗೆ ಕಲ್ಲು ಆರಿಸಲು ಮೊನ್ನೆ ಚನ್ನಪಟ್ಟಣದ ಗ್ರಾನೈಟ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಬಿಸಿಲಿಗಿಟ್ಟ ಚಪ್ಪಡಿಯ ಮೇಲೆ ಒಂದು ಮಗ್ ನೀರು ಸುರಿದು ಅಂಗೈಯಲ್ಲಿ ಒರೆಸಿದ. ಕಾದ ಕಲ್ಲಿಗೆ ನೀರು ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿರುತ್ತದೆ. ಅದು ಹಿತವಾದ ವಾಸನೆಯೇ. ನನಗೆ ಮಾತ್ರ ಮೈ ಉರಿಯಿತು. "ನಮ್ಮ ರಾಮನಗರದ ಕಡೇದೇ ಕಲ್ಲು ಸಾರ್" ಎಂದ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ನಾನಾಗ ರಾಮನಗರದಲ್ಲಿ ಗುಮಾಸ್ತ. ಹೊಟ್ಟೆ ಕರಗಿಸಲೆಂದು ಹಳೆಯ ಸೈಕಲ್ಲೊಂದನ್ನು ಕೊಂಡು ಭಾನುವಾರ ಬೆಳಗ್ಗೆ ಹತ್ತಿರದ ಕೈಲಾಂಚ ಹಳ್ಳಿಯ ಕಡೆ ತುಳಿಯುತ್ತಿದ್ದೆ. ಅಲ್ಲಿನ ಹೋಟೆಲಿನ ತಟ್ಟೆ ಇಡ್ಲಿಯ ದೆಸೆಯಿಂದ ಹೊಟ್ಟೆ ಕರಗಲಿಲ್ಲ. ಆದರೆ ದಾರಿಯ ಜೀವಗಳ ಹುಚ್ಚು ಹಿಡಿಯಿತು. ರಸ್ತೆ ದಾಟುವ ಉಡ, ನವಿಲು, ಎಲ್ಲಕ್ಕಿಂತ ಹೆಚ್ಚಾಗಿ ಬಂಡೆಯ ಮೇಲಿನ ಓತಿಕ್ಯಾತ. ಬೇಸಿಗೆಯಲ್ಲಿ ಗಂಡು ಓತಿಯ ಬೆನ್ನು ಕೆಂಪಗೆ, ಪಕ್ಕೆ ಕಪ್ಪಗೆ ತಿರುಗುತ್ತದೆ. ಚಿಕ್ಕಂದಿನಲ್ಲಿ ಅದು ತಲೆ ಕುಣಿಸಿ ನನ್ನನ್ನೇ ಅಣಕಿಸುತ್ತಿದೆ ಎಂದು ಕಲ್ಲು ಬೀರುತ್ತಿದ್ದವನು ನಾನು.

ಆ ದಾರಿಯಲ್ಲೊಂದು ಭಾರಿ ಬಂಡೆ, ಅದರ ಬುಡದಲ್ಲಿ ಸಿದ್ದಮ್ಮ ಎಂಬಾಕೆಯ ಹಿಪ್ಪುನೇರಳೆ ತೋಟ. ಮೊದಲ ಸಲ ಕಂಡಾಗ ಆಕೆ ಕುಡುಗೋಲು ಹಿಡಿದು ಸುಮ್ಮನೆ ಬಂಡೆ ನೋಡುತ್ತ ಕೂತಿದ್ದಳು. ಏನಮ್ಮ ನೋಡ್ತಿದ್ದೀರಿ ಎಂದೆ.

"ಓತಿಕ್ಯಾತ ಇನ್ನೂ ಬಂದಿಲ್ಲ ಸಾಮಿ. ಅದು ಬಿಸ್ಲು ಕಾಯಕ್ಕೆ ಮ್ಯಾಕೆ ಬಂದ್ರೆ ಸೊಪ್ಪಿನ ಇಬ್ನಿ ಆರೈತೆ ಅಂತ. ನೆಂದ ಸೊಪ್ಪು ಹಾಕುದ್ರೆ ರೇಷ್ಮೆ ಹುಳ ಸತ್ತೋಯ್ತವೆ."

ವಾಚು ಕಟ್ಟಿದ್ದ ನಾನೂ ಪಕ್ಕದಲ್ಲಿ ಕೂತೆ. ಒಸಿ ಹೊತ್ತಿಗೆ ಕೆಂಪು ತಲೆಯೊಂದು ಸಂದಿಯಿಂದ ಇಣುಕಿ ಮೇಲೇರಿತು. ಆಕೆ ಸೆರಗು ಸಿಕ್ಕಿಸಿ ಸೊಪ್ಪು ಕೊಯ್ಯಲು ಎದ್ದಳು. ಆಮೇಲೆ ಎಷ್ಟೋ ಭಾನುವಾರ ಹೀಗೇ ಕೂತೆವು.

ಒಂದು ದಿನ ಜೀಪೊಂದು ನನ್ನ ಪಕ್ಕ ನಿಂತಿತು. ಒಳಗಿದ್ದವರಲ್ಲೊಬ್ಬ ತಲೆ ಹೊರಹಾಕಿ ಕೇಳಿದ, "ಈ ಕಡೆ ಬಿರುಕಿಲ್ದಿರೋ ದೊಡ್ಡ ಬಂಡೆ ಎಲ್ಲೈತೆ ಸಾರ್?" ಆಫೀಸಿನಲ್ಲಿ ಯಾರೂ ಏನನ್ನೂ ಕೇಳದ ಗುಮಾಸ್ತನಿಗೆ ಇದಕ್ಕಿಂತ ಮರ್ಯಾದೆ ಬೇಕೇ? ಯಾಕೆಂದು ಕೇಳಲಿಲ್ಲ. ಹಿಂದೆ ಬನ್ನಿ ಎಂದು ಬೆಲ್ಲು ಹೊಡೆಯುತ್ತ ಮುಂದೆ ತುಳಿದೆ. ದಡ್ಡ ಶಿಖಾಮಣಿ, ಓತಿಕ್ಯಾತವನ್ನೂ ತೋರಿಸಿದೆ. ಅವರು ಅದನ್ನು ನೋಡಲಿಲ್ಲ. ಎತ್ತು ಕೊಳ್ಳುವವರ ಹಾಗೆ ಬಂಡೆಯ ಮೈ ತಟ್ಟಿ ನೋಡಿದರು.

ಮುಂದಿನ ಬೇಸಿಗೆಗೆ ಬಂಡೆ ಒಡೆಯುವ ಯಂತ್ರಗಳು ಬಂದವು. ಓತಿಕ್ಯಾತ ಮಾಯವಾಯಿತು. ತೋಟದ ಸೊಪ್ಪೆಲ್ಲ ಕಲ್ಲಿನ ದೂಳು ಕೂತು ಬೆಳ್ಳಗಾಯಿತು. ನಾನು ಹೋದಾಗ ಸಿದ್ದಮ್ಮ ತಟ್ಟೆ ತಟ್ಟೆ ಹುಳವನ್ನು ಗುಂಡಿಗೆ ಸುರಿಯುತ್ತಿದ್ದಳು.

"ತೊಳುದ್ರೆ ನೀರು, ತೊಳೀದಿದ್ರೆ ದೂಳು. ಹುಳಕ್ಕೆ ಏನು ತಿನ್ಸಲಿ ಸಾಮಿ?"

ಕ್ವಾರಿಯ ಮೇಸ್ತ್ರಿಯ ಮುಂದೆ ಹೋಗಿ ಕೂಗಾಡಿದೆ. "ಓತಿಕ್ಯಾತನ್ ಪರ್ಮಿಶನ್ ತಗೊಂಡು ಕಲ್ಲು ಒಡೀಬೇಕಾ?" ಎಂದು ನಕ್ಕ. ಆ ನಗು ನೆನೆದರೆ ಇಂದಿಗೂ ಹಲ್ಲು ಕಡಿಯುತ್ತೇನೆ. ಆದರೆ ಅವನ ಮೇಲಿನ ಕೋಪ ಸುಲಭದ ಕೋಪ. ತಿರುಗಿ ಬಂದಾಗ ಸಿದ್ದಮ್ಮ ಕುಡಿಯಲು ನೀರು ಕೊಟ್ಟು ಕೇಳಿದಳು.

"ಯಾರೋ ಮುಂದೆ ಮುಂದೆ ಬಂದು ಬಂಡೆ ತೋರ್ಸುದ್ನಂತೆ. ನಿಮಗೇನಾರ ಗೊತ್ತಾ?"

"ಗೊತ್ತಿಲ್ಲ" ಎಂದೆ. ಆಕೆ ಕೊಟ್ಟ ನೀರನ್ನು ಪೂರ್ತಿ ಕುಡಿದೆ. ಮತ್ತೆ ಆ ಕಡೆ ಸೈಕಲ್ ತಿರುಗಿಸಲಿಲ್ಲ.

ಗ್ರಾನೈಟ್ ಅಂಗಡಿಯಲ್ಲಿ ಚಪ್ಪಡಿಯ ನೀರು ಆರಿತ್ತು. ನಾನು ಹಿಂದೆ ರಾಮನಗರದಲ್ಲಿದ್ದವನೆಂದು ಮಾತಿನಲ್ಲಿ ತಿಳಿದ ಅಂಗಡಿಯವನು, "ಕ್ವಾರಿಯವ್ರು ಹೊಸ ಬಂಡೆ ಹುಡುಕ್ತಾವ್ರೆ ಸಾರ್. ಎಲ್ಲಾದ್ರೂ ಕಂಡಿದ್ರೆ ಒಸಿ ಹೇಳಿ" ಎಂದ.

"ಗೊತ್ತಿಲ್ಲ" ಎಂದೆ.

ಜೀಪಿನವನಿಗೆ ಹೇಳಬೇಕಿದ್ದ ಮಾತು ಇಷ್ಟು ವರ್ಷ ತಡವಾಗಿ ಬಾಯಿಗೆ ಬಂತು. ಸಿದ್ದಮ್ಮನಿಗೆ ಹೇಳಬೇಕಿದ್ದದ್ದು ಹಾಗೇ ಉಳಿದಿದೆ. ಆಕೆ ಇದ್ದಾಳೋ ಇಲ್ಲವೋ. ಕಲ್ಲು ಕೊಳ್ಳದೆ ಹೊರಬಂದು ರಾಮನಗರದ ಬಸ್ಸು ಹತ್ತಿದೆ. ಕೈಲಾಂಚಕ್ಕೆ ಅಲ್ಲಿಂದ ಇನ್ನೊಂದು ಬಸ್ಸು.