ಎದುರುಮನೆ ಆಂಟಿ ಮುರಿದ ಉಪವಾಸ

ಎದುರುಮನೆ ಆಂಟಿಯ ಬಲಗೈ ಹೆಬ್ಬೆರಳು ನೆಟ್ಟಗಾಗುತ್ತಲೇ ಇರಲಿಲ್ಲ. ವರ್ಷಗಟ್ಟಲೆ ರವಿಕೆ ಬಟ್ಟೆ ಕತ್ತರಿಸಿ ಕತ್ತರಿಸಿ ಅದು ಅಂಗೈ ಕಡೆಗೆ ಬಾಗಿ ಹಾಗೇ ನಿಂತುಬಿಟ್ಟಿತ್ತು. ಲೋಟ ಹಿಡಿಯುವುದು, ಗೇಟಿನ ಚಿಲಕ ತೆಗೆಯುವುದು ಎಲ್ಲ ಉಳಿದ ನಾಲ್ಕು ಬೆರಳಲ್ಲೇ. ವಿದ್ಯಾರಣ್ಯಪುರದ ನಮ್ಮ ರಸ್ತೆಯ ಅರ್ಧ ಹೆಂಗಸರು ಆ ಕೈ ಹೊಲಿದ ರವಿಕೆ ತೊಟ್ಟವರು.

ಹಾಗಂತ ಆಂಟಿ ಸಂತರೇನಲ್ಲ ಬಿಡಿ. ಮೇಲಿನ ಮಹಡಿಯವರ ಒದ್ದೆ ಬಟ್ಟೆ ತಮ್ಮ ಬಾಲ್ಕನಿಗೆ ತೊಟ್ಟಿಕ್ಕಿದರೆ ಬೀದಿಗೆಲ್ಲ ಕೇಳುವ ಹಾಗೆ ಜಗಳ ಆಡುತ್ತಿದ್ದರು. ಭಾನುವಾರ ಚರ್ಚಿಗೆ ಹೋಗಿ ಬಂದ ಬಾಯಲ್ಲೇ ಆಡುತ್ತಿದ್ದರು.

ನಮ್ಮಮ್ಮನಿಗೂ ಅವರಿಗೂ ಇದ್ದದ್ದು ಗೇಟಿನ ಆಚೀಚೆ ನಿಂತು ಮಾತಾಡುವಷ್ಟು ಸ್ನೇಹ. ಮಾಂಸ ಬೇಯಿಸುವ ಮನೆಯ ನೀರನ್ನೂ ಅಮ್ಮ ಮುಟ್ಟಿದವಳಲ್ಲ. ಕ್ರಿಸ್‌ಮಸ್‌ಗೆ ಬಂದ ಕಜ್ಜಾಯ ನೇರ ಕೆಲಸದವಳ ಚೀಲಕ್ಕೆ ಹೋಗುತ್ತಿತ್ತು. ಆಂಟಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಪ್ರತಿ ವರ್ಷ ಕಳಿಸುತ್ತಿದ್ದರು.

ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಿ ಮನೆಗೆ ಬಂದವಳಿಗೆ ಅನ್ನ ಅಂದರೆ ಸಾಕು, ಮುಖ ಆಚೆ ತಿರುಗುತ್ತಿತ್ತು. ನಾನು ಬೆಳಿಗ್ಗೆ ಅಡುಗೆ ಮಾಡಿಟ್ಟು ಯಶವಂತಪುರದ ಆಫೀಸಿಗೆ ಹೋದರೆ ಸಂಜೆಗೂ ಅದು ಹಾಗೇ ಇರುತ್ತಿತ್ತು. ಮನೆಗೆ ಬರುತ್ತಿದ್ದ ನರ್ಸ್ ಕೈಚೆಲ್ಲಿದಳು. ಹೀಗೇ ಆದರೆ ಮತ್ತೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು.

ಆಗ ತಪಸ್ಸುಕಾಲ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ಒಂದು ಬೆಳಿಗ್ಗೆ ಆಂಟಿ ಬಂದು ಅಮ್ಮನ ಮಂಚದ ಪಕ್ಕ ನಿಂತರು.

"ನೋಡಿ, ಈಸ್ಟರ್ ತನಕ ನಮ್ಮನೇಲಿ ಮೀನು, ಮಾಂಸ ಏನೂ ಇಲ್ಲ. ನಿಮಗೆ ಅಂತ ಹೊಸ ಕುಕ್ಕರ್ ಬೇರೆ ತಂದಿದ್ದೀನಿ. ಮಧ್ಯಾಹ್ನ ಊಟ ನಾನು ತರ್ತೀನಿ. ಬೇಡ ಅಂದ್ರೆ ನಂಗೆ ಕೋಪ ಬರುತ್ತೆ."

"ಕುಕ್ಕರ್ ಹೊಸದೇ ತಾನೇ?" ಎಂದಳು ಅಮ್ಮ.

ಮೊದಲ ದಿನವೇ ಎಡವಟ್ಟಾಯಿತು. ತಪಸ್ಸುಕಾಲದಲ್ಲಿ ಆಂಟಿ ಸಂಜೆಯವರೆಗೆ ಏನೂ ತಿನ್ನುತ್ತಿರಲಿಲ್ಲ. ಅದನ್ನು ಹೇಳಿಕೊಳ್ಳುವ ಜಾಯಮಾನವೂ ಅವರದಲ್ಲ. ಅಮ್ಮನೋ, "ಮನೆಗೆ ಬಂದೋರನ್ನ ಸುಮ್ನೆ ಕೂರಿಸ್ಕೊಂಡು ನಾನೊಬ್ಳೇ ಮುಕ್ಕೋದಾ? ನೀವೂ ಹಾಕ್ಕೊಳ್ಳಿ" ಎಂದು ಬಾಯಿ ಬಿಗಿದುಕೊಂಡಳಂತೆ. ಆಂಟಿ ನರ್ಸ್ ಹತ್ತಿರ ಇನ್ನೊಂದು ತಟ್ಟೆ ತರಿಸಿಕೊಂಡರು. ಅಮ್ಮ ಆಗ ಉಂಡಳು. ಅಲ್ಲಿಂದಾಚೆ ದಿನಾ ಎರಡು ತಟ್ಟೆ.

ಉಪವಾಸದ ಸಂಗತಿ ನನಗೆ ತಿಳಿದದ್ದು ಆಂಟಿಯ ಯಜಮಾನರಿಂದ, ಹಾಲಿನ ಬೂತ್ ಹತ್ತಿರ. "ನಮ್ಮೋಳು ಈ ಸಲ ಮಧ್ಯಾಹ್ನ ಊಟ ಮಾಡ್ತಿದ್ದಾಳಲ್ಲಮ್ಮ, ಮದುವೆ ಆದ್ಮೇಲೆ ಇದೇ ಮೊದಲು" ಎಂದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಗುಡ್ ಫ್ರೈಡೇ ದಿನ ನನಗೆ ರಜೆ. ಆಂಟಿಗೆ ವರ್ಷದಲ್ಲೇ ಅತಿ ಕಟ್ಟುನಿಟ್ಟಿನ ಉಪವಾಸ. ಬರಿಗಾಲಲ್ಲಿ ನಡೆಯುವ ಶಿಲುಬೆಹಾದಿಯ ಪ್ರಾರ್ಥನೆ ಮುಗಿಸಿ, ಬಿಳಿ ಸೀರೆಯಲ್ಲೇ ಮೊಸರನ್ನದ ಡಬ್ಬಿ ಹಿಡಿದು ಬಂದರು. ನಾನು ಬಾಗಿಲಲ್ಲೇ ತಡೆದೆ. "ಆಂಟಿ, ಇವತ್ತು ನಾನೇ ತಿನ್ನಿಸ್ತೀನಿ. ನೀವು ಹೋಗಿ."

ಒಳಗಿಂದ ಅಮ್ಮ ಕೂಗಿದಳು: "ಅವರು ಬಂದ್ರೇನೇ? ತಟ್ಟೆ ಹಾಕು."

ಆಂಟಿ ನನ್ನನ್ನು ಪಕ್ಕಕ್ಕೆ ಸರಿಸಿ ಹೋಗಿ ಕೂತರು, ಉಂಡರು. ಅವರನ್ನು ಬಿಡಲು ಗೇಟಿನವರೆಗೆ ಹೋದಾಗ ಕೇಳಿದೆ, "ಇವತ್ತು ತಿಂದ್ರೆ ಪಾಪ ಅಲ್ವಾ ಆಂಟಿ?"

"ಆದ್ರೆ ಆಗ್ಲಿ, ಫಾದರ್ ಹತ್ರ ಹೇಳ್ಕೊತೀನಿ. ನಿಮ್ಮಮ್ಮಂಗೆ ಮೂಗಲ್ಲಿ ನಳಿಗೆ ಹಾಕಿದ್ರೆ ಅದನ್ನ ಯಾರ ಹತ್ರ ಹೇಳ್ಕೊಳ್ಳಲಮ್ಮ?"

ಈಸ್ಟರ್ ಮಾರನೆಯ ದಿನ ಬರಿಗೈಲಿ ಬಂದರು. "ಇನ್ಮೇಲೆ ನಮ್ಮನೇಲಿ ಕೋಳಿ ಬೇಯುತ್ತೆ" ಎಂದರು, ಸಂಕೋಚದಿಂದ.

"ಆ ಕುಕ್ಕರಲ್ಲಿ ಅಲ್ವಲ್ಲ?" ಎಂದಳು ಅಮ್ಮ.

ಉಪವಾಸದ ವಿಷಯವನ್ನು ಅವತ್ತು ಸಂಜೆ ಅಮ್ಮನಿಗೆ ಹೇಳಿದೆ. "ಆ ಶುಕ್ರವಾರಾನೂ ತಿಂದ್ರಾ?" ಎಂದು ಕೇಳಿದಳು.

ಹೋದ ವರ್ಷ ಆಂಟಿ ಹೋಗಿಬಿಟ್ಟರು. ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ. ಮಾರನೆಯ ದಿನ ಸಂಜೆ ಮಣ್ಣು ಎಂದಾಯಿತು. ಕೋಲು ಹಿಡಿದು ಓಡಾಡುವಷ್ಟಾಗಿದ್ದ ಅಮ್ಮ ರಸ್ತೆ ದಾಟಿ ಹೋಗಿ ಪೆಟ್ಟಿಗೆಯ ಪಕ್ಕ ಕೂತು ಬಂದಳು. ಆಮೇಲೆ ಊಟ ಬೇಡ ಅಂದಳು. ಬೆಳಿಗ್ಗೆ ತಿಂಡಿಯೂ ಬೇಡ.

"ಶುಗರ್ ಮಾತ್ರೆ ತಗೋಬೇಕಮ್ಮ, ಒಂದು ತುತ್ತಾದ್ರೂ ತಿನ್ನು."

"ಮಣ್ಣಾಗೋ ತನಕ ನಂಗೇನೂ ಬೇಡ ಕಣೇ. ನಂಗೋಸ್ಕರ ಅವ್ರು ಅಂಥಾ ದಿನಾನೂ ತಿಂದ್ರು. ನಾನು ಒಂದಿನ ಬಿಡೋಕಾಗಲ್ವಾ?"

ತಟ್ಟೆ ಒಳಗೆ ತೆಗೆದುಕೊಂಡು ಹೋದೆ.