ಗ್ರಹಣದ ಮರುದಿನದ ನೀರು

ಮಧುಗಿರಿಯಲ್ಲಿ ನಾನು ನೋಡಿಕೊಳ್ಳುವ ಪ್ರಯೋಗಾಲಯ ಯಾವ ಒಂದು ಕಾಲೇಜಿಗೂ ಸೇರಿದ್ದಲ್ಲ. ಶಿರಾ, ಕೊರಟಗೆರೆ, ಪಾವಗಡದ ಕಾಲೇಜಿನವರೂ ಸರದಿಯಂತೆ ಬಂದು, ನೀರಿಗೆ ಸೇರಿದ ವಿಷ ಮೀನುಗಳಿಗೆ ಏನು ಮಾಡುತ್ತದೆಂದು ಇಲ್ಲಿ ಪರೀಕ್ಷಿಸುತ್ತಾರೆ. ಸರದಿಯ ಪಟ್ಟಿ ಬರೆಯುವುದು, ಮೀನು ಸಾಕುವುದು, ನೀರು ಹದ ಮಾಡಿಡುವುದು ನನ್ನ ಕೆಲಸ. ಹದ ಎಂದರೆ ನಲ್ಲಿ ನೀರನ್ನು ಡ್ರಮ್ಮುಗಳಲ್ಲಿ ತುಂಬಿ, ಗಾಳಿಯ ಗುಳ್ಳೆ ಬಿಟ್ಟು, ಮೂರು ದಿನ ಇಡುವುದು. ಅಷ್ಟರಲ್ಲಿ ಕ್ಲೋರಿನ್ ಹೋಗುತ್ತದೆ. ಹೋಗದಿದ್ದರೆ ಮೀನು ಸಾಯುತ್ತವೆ.

ಹುಲಿಕುಂಟೆ ಕಡೆಯ ಕುರಿ ಸಾಕುವವರೊಬ್ಬರು ಕ್ಯಾನುಗಳಲ್ಲಿ ಕೆರೆ ನೀರು ತಂದುಕೊಟ್ಟಿದ್ದರು. ಅವರ ಕೆರೆಯಲ್ಲಿ ಒಂದಷ್ಟು ಮೀನು ಸತ್ತು ತೇಲಿದ್ದವು. ನಮ್ಮ ಪರೀಕ್ಷೆಯಲ್ಲಿ ಮೀನು ಉಳಿದರೆ ಮಾತ್ರ ಕುರಿಗಳಿಗೆ ಆ ನೀರು ಕುಡಿಸಬಹುದೆಂದು ಪಶುವೈದ್ಯರು ಹೇಳಿದ್ದರಂತೆ. ಅಲ್ಲಿಯವರೆಗೆ ಪಕ್ಕದ ತೋಟದ ಬೋರ್‌ವೆಲ್ ನೀರೇ ಗತಿ.

ಐದು ಗಾಜಿನ ತೊಟ್ಟಿಗಳನ್ನು ಸಾಲಾಗಿ ಇಟ್ಟೆ. ಮೊದಲನೆಯದರಲ್ಲಿ ಬರೀ ಕೆರೆ ನೀರು, ಕೊನೆಯದರಲ್ಲಿ ಹೋಲಿಕೆಗೆಂದು ಬರೀ ಡ್ರಮ್ಮಿನ ನೀರು, ನಡುವಿನ ಮೂರರಲ್ಲಿ ಎರಡರ ಮಿಶ್ರಣ. ಎಲ್ಲದರಲ್ಲೂ ಮೀನು ಬಿಟ್ಟೆ. ನಾಲ್ಕು ದಿನದ ಪರೀಕ್ಷೆ. ದಿನಾ ಬೆಳಿಗ್ಗೆ ನೀರು ಬದಲಿಸಬೇಕು.

ಮೂರನೆಯ ದಿನ ಚಂದ್ರಗ್ರಹಣದ ಮರುದಿನವಾಗಿತ್ತು. ಎಂದಿನಂತೆ ನೀರು ಬದಲಿಸಿ ಕಚೇರಿಯ ಕೋಣೆಗೆ ಹೋದೆ. ಮಧ್ಯಾಹ್ನ ಮರಳಿ ಬಂದು ಬಾಗಿಲಲ್ಲಿ ನಿಂತಾಗ ಫೋನ್ ಬಂತು. ತೋಟದವರ ಮೋಟಾರು ಸುಟ್ಟಿದೆ, ಕುರಿಗಳನ್ನು ಕೆರೆಗೆ ಬಿಡಲೇ ಎಂದು ಕುರಿಯವರು ಕೇಳಿದರು. ಬಾಗಿಲಿಗೆ ನೇರವಾಗಿ ಕಾಣುವುದು ನಡುವಿನ ತೊಟ್ಟಿಗಳು. ಅವುಗಳಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬೇಡ, ಕುಡಿಸಬೇಡಿ ಎಂದೆ.

ಫೋನ್ ಇಟ್ಟ ಮೇಲೆ ಸಾಲಿನ ತುದಿಗಳನ್ನು ನೋಡಿದೆ. ಬರೀ ಕೆರೆ ನೀರಿನಲ್ಲಿ ಎಲ್ಲವೂ ಈಜುತ್ತಿದ್ದವು. ಬರೀ ಡ್ರಮ್ಮಿನ ನೀರಿನಲ್ಲಿ ಒಂದೂ ಉಳಿದಿರಲಿಲ್ಲ. ವಿಷ ಇದ್ದದ್ದು ನಮ್ಮ ನೀರಿನಲ್ಲಿ.

ಪ್ರಯೋಗಾಲಯ ತೊಳೆದು ಒರೆಸುವ ಹೆಂಗಸನ್ನು ಕರೆದು ಕೇಳಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ.

"ಗ್ರಾಣದ್ ನೀರು ಸಾ ಅದು. ಮನೇಲೂ ಚೆಲ್ಬುಟ್ಟೆ, ನೀವ್ ಬರಾಕ್ ಮುಂಚೇನೇ ಇಲ್ಲೂ ಚೆಲ್ಬುಟ್ಟು ಹೊಸ್ದು ತುಂಬ್ದೆ. ನಾವು ಕುಡೀದಿದ್ ನೀರು ಮೀನಿಗ್ ಆಯ್ತದಾ?"

ಆ ದಿನ ಬೆಳಿಗ್ಗೆ ನಮ್ಮ ಮನೆಯಲ್ಲೂ ಹಂಡೆಯ ನೀರು ಚೆಲ್ಲಿ ತುಂಬಿದ್ದು ನಾನೇ. ಡ್ರಮ್ಮಿನ ನೀರು ಮೂರು ದಿನ ಯಾಕೆ ಹಾಗೇ ಇರುತ್ತದೆಂದು ನಾನು ಅವರಿಗೆ ಒಮ್ಮೆಯೂ ತಿಳಿಸಿರಲಿಲ್ಲ.

ಕುರಿಯವರಿಗೆ ಮತ್ತೆ ಮತ್ತೆ ಫೋನ್ ಮಾಡಿದೆ. ಸ್ವಿಚ್ ಆಫ್ ಎಂದೇ ಬಂತು. ಅವರು ಆ ಬಿಸಿಲಲ್ಲೇ ಮಂದೆಯನ್ನು ನೀರು ಕುಡಿಸಲು ದೂರದ ಕಟ್ಟೆಗೆ ಹೊಡೆದುಕೊಂಡು ಹೋಗಿದ್ದರು. ಈಯಲು ದಿನ ತುಂಬಿದ್ದ ಒಂದು ಕುರಿ ದಾರಿಯಲ್ಲೇ ಬಿದ್ದು ಸತ್ತಿತು. ಇದು ನನಗೆ ಮರುದಿನ ಅವರೇ ಹೇಳಿದ್ದು. ಕೊನೆಯ ತೊಟ್ಟಿ ನೋಡುವ ಮೊದಲೇ ಮಾತಾಡಿಬಿಟ್ಟೆ ಎಂದು ನಾನೂ ಹೇಳಿದೆ. ಅವರು, ಹೊಸದಾಗಿ ಕೆರೆ ನೀರು ತಂದುಕೊಡಬೇಕೇ ಎಂದಷ್ಟೇ ಕೇಳಿದರು.

ಡ್ರಮ್ಮುಗಳಿಗೆ ಮತ್ತೆ ನೀರು ತುಂಬಿ ಮೂರು ದಿನ ಇಟ್ಟೆವು. ಕಾರಣ ತಿಳಿದ ಮೇಲೆ ಆ ಹೆಂಗಸೇ ಪ್ರತಿ ಡ್ರಮ್ಮಿನ ಮೇಲೆ ತುಂಬಿದ ದಿನ ಬರೆದು ಅಂಟಿಸಿದರು. ಕುರಿಯವರು ತಂದುಕೊಟ್ಟ ಹೊಸ ಕೆರೆ ನೀರಿನಿಂದ ಪರೀಕ್ಷೆಯನ್ನು ಮೊದಲಿನಿಂದ ಮಾಡಿದೆ. ನಾಲ್ಕು ದಿನವೂ ಐದೂ ತೊಟ್ಟಿಗಳಲ್ಲಿ ಮೀನು ಉಳಿದವು. ಕೆರೆಯಲ್ಲಿ ಮೊದಲು ಸತ್ತವು ಯಾಕೆ ಸತ್ತವೆಂದು ನನಗೆ ಇಂದಿಗೂ ಗೊತ್ತಿಲ್ಲ. ಪಶುವೈದ್ಯರಿಗೆ ವರದಿ ಕೊಟ್ಟೆ. ಅವರು ಆಗಬಹುದೆಂದ ಮೇಲೆ, ಫೋನ್ ಮಾಡದೆ ಕೆರೆಗೆ ನಾನೇ ಹೋದೆ.

ಕುರಿಗಳು ಕೆರೆ ಏರಿಯ ಮೇಲಿದ್ದವು. ಕುಡಿಸಬಹುದು ಎಂದೆ. ಕುರಿಯವರು ಕೋಲನ್ನು ಅಡ್ಡ ಹಿಡಿದು ಮಂದೆಯನ್ನು ತಡೆದೇ ನಿಂತಿದ್ದರು.

"ಈ ಸಲ ಕೊನೇ ತೊಟ್ಟೀನೂ ನೋಡ್ಕಂಡ್ ಬಂದಿದೀರಾ ಸಾ?"

ನೋಡಿದ್ದೇನೆ ಎಂದೆ. ಅವರು ಕೋಲು ಇಳಿಸಿದರು. ಎಲ್ಲ ಕುರಿಗಳೂ ಕುಡಿದು ಏರಿ ಹತ್ತುವವರೆಗೆ ನಾನು ಅಲ್ಲೇ ನಿಂತಿದ್ದೆ.