ಹಾರೂನ್ ಅಂಕಲ್ ಹೆಸರಿನ ಮೊದಲ ಅಕ್ಷರ

ಆಗ ಅಮೆರಿಕದ ಪಿಸ್ಕಾಟವೇ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ದೊಡ್ಡವರಿಗೆಲ್ಲ ಎರಡೇ ಹೆಸರು. ಗಂಡಸಾದರೆ ಅಂಕಲ್, ಹೆಂಗಸಾದರೆ ಆಂಟಿ. ಅದರ ಹಿಂದೆ ಇನ್ನೊಂದು ಹೆಸರಿರುತ್ತದೆ, ಮನುಷ್ಯನಿಗೆ ಅದು ಬೇಕೇ ಬೇಕು ಎಂಬುದು ಹತ್ತು ವರ್ಷದ ನನಗೆ ಹೊಳೆದಿರಲಿಲ್ಲ. ಅದನ್ನು ಕಲಿಸಿದವರು ಕೆಳಗಿನ ಮನೆಯ ಹಾರೂನ್ ಅಂಕಲ್.

ಅವರನ್ನು ಕಂಡುಹಿಡಿದದ್ದು ಅಜ್ಜಿ. ಮದ್ದೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ಅಜ್ಜಿಗೆ ಇಂಗ್ಲಿಷೂ ಬಾರದು, ಹಿಂದಿಯೂ ಬಾರದು. ಲಾಂಡ್ರಿ ರೂಮಿನಲ್ಲಿ ಮೆಷಿನ್ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತವಳಿಗೆ ಅವರು ಗುಂಡಿ ಒತ್ತಿಕೊಟ್ಟರಂತೆ. ಮಾರನೆಯ ದಿನವೇ ಅಜ್ಜಿ ಒಂದು ಡಬ್ಬಿ ಕೋಡುಬಳೆ ಹಿಡಿದು ಅವರ ಬಾಗಿಲು ತಟ್ಟಿದಳು. ಅಜ್ಜಿಯ ನಾಲಿಗೆಗೆ ಹಕಾರ ಆಗಿಬರುತ್ತಿರಲಿಲ್ಲ. ಹಾಲು ಆಲು, ಹೂವು ಊವು. ಹಾಗೆ ಹಾರೂನ್ ಅನ್ನುವವರು ಅರುಣ ಆದರು.

"ಅರುಣಪ್ಪಾ, ಕಾಪಿ ಕುಡಿಯಕ್ ಬಾ," ಎಂದು ಬಾಲ್ಕನಿಯಿಂದ ಕೂಗುವಳು. "ಬಂದೆ ಅಮ್ಮಾಜಿ," ಎಂದು ಅವರು ಉರ್ದುವಿನಲ್ಲೇ ಹೇಳಿ ನಗುತ್ತ ಮೆಟ್ಟಿಲು ಹತ್ತುವರು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು, ಒಬ್ಬರದು ಒಬ್ಬರಿಗೆ ಒಂದಕ್ಷರ ತಿಳಿಯದೆ.

ಹಾರೂನ್ ಅಂಕಲ್ ಆಗ ಕನ್ನಡಕದ ಅಂಗಡಿಯೊಂದರ ಕೌಂಟರಿನಲ್ಲಿದ್ದರು. ಆದರೆ ಲಾಹೋರಿನಲ್ಲಿ ಟೀವಿ ನಾಟಕಗಳ ನಟ, ಆಮೇಲೆ ನಿರ್ದೇಶಕ. ಅವರ ಕೊನೆಯ ಧಾರಾವಾಹಿ ಅಲ್ಲಿ ಮೇಲೆ ಕೂತವರಿಗೆ ಹಿಡಿಸಲಿಲ್ಲವಂತೆ. ಧಾರಾವಾಹಿಯನ್ನು ತೋರಿಸಿದರು, ನಿರ್ದೇಶಕನ ಹೆಸರನ್ನು ಮಾತ್ರ ಕತ್ತರಿಸಿದರು. ಹೆಸರು ಬರುತ್ತದೆಂದು ಮನೆಮಂದಿಯೆಲ್ಲ ಟೀವಿ ಮುಂದೆ ಕೂತಿದ್ದರಂತೆ. ಅವರ ತಾಯಿ, ತನಗೇ ಕಾಣಲಿಲ್ಲವೇನೋ ಎಂದು ಕನ್ನಡಕ ಒರೆಸಿ ಒರೆಸಿ ಹಾಕಿಕೊಂಡರಂತೆ. ಇದನ್ನು ಹೇಳುವಾಗ ಅಂಕಲ್ ತಾಯಿಯ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿ ತೋರಿಸಿದರೆಂದರೆ ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಆ ವರ್ಷ ಕನ್ನಡ ಸಂಘಕ್ಕೆ ಅಪ್ಪ ಸೆಕ್ರೆಟರಿ. ರಾಜ್ಯೋತ್ಸವಕ್ಕೆಂದು ಅವರೇ ಮಕ್ಕಳ ನಾಟಕವೊಂದನ್ನು ಬರೆದಿದ್ದರು: ತನ್ನೆದುರು ಯಾರೂ ಸೀನಬಾರದೆಂದು ಅಪ್ಪಣೆ ಮಾಡಿದ ರಾಜನ ಕಥೆ. ಕಲಿಸಬೇಕಿದ್ದ ಆಂಟಿ ಹಿಲ್ಸ್‌ಬರೋದಿಂದ ಡ್ರೈವ್ ಮಾಡಲು ಆಗುವುದಿಲ್ಲವೆಂದು ಕೈಕೊಟ್ಟರು. "ನಮ್ ಅರುಣಪ್ಪ ಇಲ್ವಾ?" ಅಂದಳು ಅಜ್ಜಿ. ಅಪ್ಪ ನನ್ನನ್ನೂ ಕರೆದುಕೊಂಡು ಕೆಳಗಿಳಿದರು.

"ನನಗೆ ಕನ್ನಡ ಬರೋದಿಲ್ಲವಲ್ಲ," ಅಂದರು ಹಾರೂನ್ ಅಂಕಲ್.

"ನಮ್ಮ ಮಕ್ಕಳಿಗೂ ಬರೋದಿಲ್ಲ ಬಿಡಿ," ಅಂದರು ಅಪ್ಪ, ತಮ್ಮ ಮುರುಕು ಹಿಂದಿಯಲ್ಲಿ.

ಅಂಕಲ್ ಒಪ್ಪಿಕೊಂಡರು. ಕೇಳಿದ್ದು ಒಂದೇ. "ನಿಮ್ಮ ಕಾರ್ಯಕ್ರಮದ ಪುಸ್ತಕದಲ್ಲಿ ನನ್ನ ಹೆಸರು ಹಾಕಿ. ನಿಮ್ಮ ಲಿಪಿಯಲ್ಲೇ ಇರಲಿ." ಅಪ್ಪ ಅವರ ಕೈ ಹಿಡಿದು, "ಪ್ರಾಮಿಸ್, ಹಾರೂನ್ ಭಾಯ್," ಅಂದರು.

ಸಂಜೆಗಳೆಲ್ಲ ಕಮ್ಯೂನಿಟಿ ಹಾಲಿನ ಬೇಸ್‌ಮೆಂಟಿನಲ್ಲಿ ಕಳೆದವು. ಒದ್ದೆ ಕಾರ್ಪೆಟ್ಟಿನ ವಾಸನೆ, ಅದರ ಮೇಲೆ ಯಾರದೋ ಮನೆಯ ಪುಳಿಯೋಗರೆ ಘಮ. ಅಂಕಲ್‌ಗೆ ನಾಟಕ ಓದಿ ಹೇಳುವ ಕೆಲಸ ನನ್ನದಾದ್ದರಿಂದ ಅಜ್ಜಿ ಪಟ್ಟು ಹಿಡಿದು ನನಗೆ ಅಕ್ಷರ ಕಲಿಸಿದಳು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವುದು, ಅವರು ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಬರೆದುಕೊಳ್ಳುವುದು. ನಾವೆಲ್ಲ "ಅಚೂ" ಎಂದು ಸೀನಿದರೆ ಅವರು ತಲೆ ಚಚ್ಚಿಕೊಳ್ಳುವರು. "ಇದು ಅಮೆರಿಕದ ಸೀನು! ಅಮ್ಮಾಜಿ ಹೇಗೆ ಸೀನ್ತಾರೆ ನೋಡಿಕೊಂಡು ಬನ್ನಿ!" ನಾನು ಅಜ್ಜಿಯ ಮೂಗಿನ ಹತ್ತಿರ ಮೆಣಸಿನ ಪುಡಿ ಹಿಡಿದು ಬೈಸಿಕೊಂಡೆ. ಆದರೆ ಅಸಲಿ "ಆಕ್ಷೀ" ಸಿಕ್ಕಿತು.

ಕಾರ್ಯಕ್ರಮದ ದಿನ ಕುರ್ಚಿಗೊಂದರಂತೆ ಪುಸ್ತಕ ಇಟ್ಟಿದ್ದರು. ನಾನು ಮಂತ್ರಿಯ ಮೀಸೆ ಅಂಟಿಸಿಕೊಂಡೇ ಹೋಗಿ ಓದಿದೆ. ರಚನೆ, ಅಪ್ಪನ ಹೆಸರು. ನಿರ್ದೇಶನ, ಶ್ರೀ ಅರುಣ್.

ಮತ್ತೆ ಓದಿದೆ. ಓಡಿಹೋಗಿ ಅಪ್ಪನನ್ನು ಹಿಡಿದೆ.

"ಅಪ್ಪಾ, ದಿಸ್ ಈಸ್ ರಾಂಗ್. ಹಾ ಇಲ್ಲ ಇದರಲ್ಲಿ."

ಅಪ್ಪ ನನ್ನನ್ನು ಗೋಡೆಯ ಕಡೆ ಎಳೆದುಕೊಂಡರು. "ಮೆಲ್ಲಗೆ ಮಾತಾಡು ಪುಟ್ಟಿ. ರಾಜ್ಯೋತ್ಸವಕ್ಕೆ ಪಾಕಿಸ್ತಾನದವರು ಯಾಕೆ ಅಂತ ಕಮಿಟಿಯಲ್ಲಿ ಒಂದಿಬ್ಬರು ತಕರಾರು ತೆಗೆದ್ರು. ಸುಮ್ನೆ ರಗಳೆ ಯಾಕೆ? ಅಜ್ಜಿ ಕರೆಯೋದೂ ಅರುಣ ಅಂತಾನೇ ತಾನೆ? ಅವರಿಗೇನು ಕನ್ನಡ ಓದೋಕೆ ಬರುತ್ತಾ?"

ಅವರಿಗೆ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ಅದನ್ನು ಅಪ್ಪ ಮರೆತಿದ್ದರು.

ಪರದೆ ಏಳುವ ಮುಂಚೆ ಹಾರೂನ್ ಅಂಕಲ್ ಪುಸ್ತಕ ಹಿಡಿದು ಬಂದರು. ಇಸ್ತ್ರಿ ಮಾಡಿದ ಬಿಳಿ ಕುರ್ತಾ ಹಾಕಿದ್ದರು. "ಎಲ್ಲಿದೆ ತೋರಿಸು ಬೇಟಾ." ಅಪ್ಪ ಅವರ ಹಿಂದೆಯೇ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಬೆರಳಿಟ್ಟೆ. "ಹಾರೂನ್," ಎಂದು ಓದಿದೆ.

"ಇದರಲ್ಲಿ ಹಾ ಯಾವುದು?"

ನಾನು ಅ ತೋರಿಸಿದೆ.

ನಾಟಕ ಗೆದ್ದಿತು, ಜನ ಬಿದ್ದು ಬಿದ್ದು ನಕ್ಕರು. ಆ ಪುಟಕ್ಕೆ ಅಂಕಲ್ ಕಟ್ಟು ಹಾಕಿಸಿ ಕನ್ನಡಕದ ಅಂಗಡಿಯ ಗೋಡೆಗೆ ನೇತುಹಾಕಿದರು. ಒಂದು ತಿಂಗಳಿಗೆ ದೂರದ ಜೆರಿಕೋ ಊರಿನ ಕನ್ನಡಿಗರೊಬ್ಬರು ಕನ್ನಡಕಕ್ಕೆಂದು ಬಂದವರು, ಗೋಡೆ ನೋಡಿ, "ಈ ಅರುಣ್ ಯಾರು?" ಎಂದು ಕೇಳಿದರಂತೆ.

ಆ ಸಂಜೆ ಅಜ್ಜಿ ಎಂದಿನಂತೆ ಬಾಲ್ಕನಿಯಿಂದ ಕೂಗಿದಳು. ಹಾರೂನ್ ಅಂಕಲ್ ಪಾರ್ಕಿಂಗ್ ಲಾಟಿನಲ್ಲಿ ನಿಂತು ತಲೆಯೆತ್ತಿದರು. "ಹಾರೂನ್, ಅಮ್ಮಾಜಿ," ಅಂದರು, ಬಿಡಿಸಿ ಬಿಡಿಸಿ. "ಹಾ. ರೂನ್." ಅಜ್ಜಿ ಪಾಪ ಎರಡು ಸಲ ಪ್ರಯತ್ನಪಟ್ಟಳು. ಬರಲಿಲ್ಲ. ಆಮೇಲೆ ಅವರು ಅಜ್ಜಿಯ ಪಕ್ಕ ನಿಂತಿದ್ದ ನನ್ನ ಕಡೆ ತಿರುಗಿ, "ನಿನಗೆ ಓದೋಕೆ ಬರ್ತಿತ್ತಲ್ಲ ಬೇಟಾ?" ಅಂದು ಒಳಗೆ ಹೋದರು. ಮತ್ತೆಂದೂ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಚಳಿಗಾಲ ಮುಗಿಯುವಷ್ಟರಲ್ಲಿ ಮನೆ ಖಾಲಿ ಮಾಡಿದರು.

"ನಾನೇನ್ ತಪ್ ಅಂದೆ ಮಗಾ?" ಎಂದು ಅಜ್ಜಿ ಊರಿಗೆ ವಿಮಾನ ಹತ್ತುವವರೆಗೂ ಕೇಳುತ್ತಿದ್ದಳು. ಅವಳಿಗೆ ಉತ್ತರ ಕೊಡಬೇಕಾಗಿದ್ದವರು ಅಪ್ಪ. ಕೊಡಲಿಲ್ಲ. ಲಾಹೋರಿನಲ್ಲಿ ಹೆಸರು ಕತ್ತರಿಸಿದವರು ಯಾರೋ ಅಧಿಕಾರಿಗಳು. ಇಲ್ಲಿ ಕತ್ತರಿಸಿದವರು ಕೈ ಹಿಡಿದು ಮಾತು ಕೊಟ್ಟ ನನ್ನಪ್ಪ, ಸುಳ್ಳು ಓದಿದವಳು ನಾನು. ನನಗೆ ಅಪ್ಪನ ಮೇಲೆ ಇಂದಿಗೂ ಸಿಟ್ಟಿದೆ. ಹಾರೂನ್ ಅಂಕಲ್ ಒಬ್ಬರಿಗಲ್ಲ, ನನಗೂ ಮೋಸ ಮಾಡಿದರು ಅಪ್ಪ. ಅದಕ್ಕೆ ಮುಂಚೆ ಅವರು ಹೇಳಿದ್ದನ್ನೆಲ್ಲ ನಾನು ಕಣ್ಣು ಮುಚ್ಚಿ ನಂಬುತ್ತಿದ್ದೆ.

ಹೋದ ತಿಂಗಳು ಅಪ್ಪ ಹೃದಯದ ಪರೀಕ್ಷೆ ಮಾಡಿಸಿಕೊಂಡು ಬಂದು ಫೋನ್ ಮಾಡಿದರು. "ಏನಿಲ್ಲ ಪುಟ್ಟಿ, ಎಲ್ಲ ನಾರ್ಮಲ್."

"ರಿಪೋರ್ಟ್ ಕಳಿಸಿ ಅಪ್ಪ. ನಾನೇ ಓದ್ತೀನಿ," ಅಂದೆ.

ಆಮೇಲೆ ರಿಪೋರ್ಟ್ ಬಂತು. ಎಲ್ಲ ನಾರ್ಮಲ್ ಎಂದೇ ಇತ್ತು. ನಾನು ಎರಡು ಸಲ ಓದಿದೆ.